ಎಮ್ರಿಸ್ ತಿದ್ದದೆ ಬಿಟ್ಟದ್ದು

ಎಮ್ರಿಸ್ ಆಟವನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಕತಾರಿನ ಉಮ್ಮ್ ಸಲಾಲ್‌ನ ಸ್ನೂಕರ್ ಕ್ಲಬ್ಬಿನಲ್ಲಿ ಮಕ್ಕಳು ಆಡುತ್ತಿದ್ದರೆ, ಈ ಕೋಚ್ ಟೇಬಲ್ಲಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಟೀ ಹೀರುತ್ತಾ ನಿಂತಿರುತ್ತಿದ್ದರು. ಕ್ಯೂ ಕೋಲು ಬಿಳಿ ಚೆಂಡಿಗೆ ತಾಗಿದ ಸದ್ದೇ ಅವರಿಗೆ ಸಾಕು. "ಅವಸರ ಮಾಡಿದೆ," ಎನ್ನುತ್ತಿದ್ದರು ಗೋಡೆಗೆ. ಇಲ್ಲವೇ, "ಹೆದರಿದೆ." ಆಮೇಲೆ ಒಂದೇ ಮಾತು: "ಖಲಾಸ್. ಅದು ಹೋಯಿತು, ಮುಂದಿನದು ಹೊಡಿ."

ಅವರು ವೇಲ್ಸ್‌ನ ಕಲ್ಲಿದ್ದಲು ಗಣಿಗಳ ಕಡೆಯವರು. ಇಂಗ್ಲೆಂಡಿನವರು ಎಂದರೆ ಮುಖ ಕೆಂಪಾಗುತ್ತಿತ್ತು. "ಇಲ್ಲಿ ಎಲ್ಲರೂ ನಿನ್ನನ್ನು ಮಲಯಾಳಿ ಅಂದುಕೊಳ್ಳೋದಿಲ್ಲವೇ ಮೂರ್ತಿ? ನನ್ನ ಕಷ್ಟವೂ ಅದೇ," ಎಂದು ಮೈಸೂರಿನವನಾದ ನನಗೆ ಬಿಡಿಸಿ ಹೇಳಿದ್ದರು. ಹರೆಯದಲ್ಲಿ ಅವರು ಚಾಂಪಿಯನ್ ಆಗಿದ್ದವರು. ಅವರ ಆಟ ಟೀವಿಯಲ್ಲಿ ಬರುತ್ತಿದ್ದ ಕಾಲವಿತ್ತು. ಕಣ್ಣು ಮಂಜಾದ ಮೇಲೆ ಕೋಚ್ ಆಗಿ ದೇಶ ದೇಶ ತಿರುಗಿ ಕತಾರಿಗೆ ಬಂದಿದ್ದರು. ಗೆದ್ದ ಕಪ್ ಎಲ್ಲಿದೆ ಎಂದು ಒಮ್ಮೆ ಕೇಳಿದೆ. "ಅದರಲ್ಲಿ ನನ್ನ ಹೆಂಡತಿ ಬಟ್ಟೆ ಒಣಹಾಕೋ ಕ್ಲಿಪ್ ಇಡುತ್ತಿದ್ದಳು. ಅವಳು ಹೋದಳು. ಈಗ ಕ್ಲಿಪ್ಪೂ ಇಲ್ಲ, ಕಪ್ಪೂ ಇಲ್ಲ," ಎಂದು ನಕ್ಕರು.

ನನಗೆ ಮೆಸಯೀದ್‌ನ ಕಾರ್ಖಾನೆಯೊಂದರಲ್ಲಿ ಕೆಲಸ, ಮನೆ ಅಲ್ ಥುಮಾಮಾದಲ್ಲಿ. ಮಗಳು ಸಿರಿಗೆ ಸ್ನೂಕರಿನ ಹುಚ್ಚು ಹಿಡಿದ ಮೇಲೆ ವಾರದ ರಜೆಯೆಲ್ಲ ಆ ಕ್ಲಬ್ಬಿನಲ್ಲೇ ಕಳೆಯುತ್ತಿತ್ತು. ಸಿರಿಯ ಎಡಗಣ್ಣು ಚಿಕ್ಕಂದಿನಿಂದ ಮಂದ. ಸ್ನೂಕರಿನಲ್ಲಿ ಗದ್ದವನ್ನು ಕ್ಯೂ ಮೇಲೆ ನೇರವಾಗಿ ಊರಬೇಕು. ಅವಳು ಬಲಗಣ್ಣನ್ನು ಕ್ಯೂ ಮೇಲೆ ತರಲು ತಲೆಯನ್ನು ಓರೆ ಮಾಡಿ, ಹೆಗಲೆತ್ತಿ ನಿಲ್ಲುತ್ತಿದ್ದಳು. ನೋಡಿದವರೆಲ್ಲ ನಗುತ್ತಿದ್ದರು. ಎಮ್ರಿಸ್ ಮಾತ್ರ ಅದರ ಬಗ್ಗೆ ಒಂದು ಮಾತೂ ಎತ್ತುತ್ತಿರಲಿಲ್ಲ.

ಶಾಲಾ ಮಕ್ಕಳ ಪಂದ್ಯವೊಂದರ ಫೈನಲ್ಲಿನಲ್ಲಿ ಸಿರಿ ಸುಲಭದ ಕಪ್ಪು ಚೆಂಡು ತಪ್ಪಿಸಿ ಸೋತಳು. ನಾನು ತಡೆಯಲಾರದೆ, "ಕೋಚ್, ಅವಳ ನಿಲುವು ಸರಿಮಾಡಿ," ಎಂದೆ.

"ಅಪ್ಪಾ, ಪ್ಲೀಸ್. ಕೋಚ್ ಏನೂ ಅಂದಿಲ್ಲ, ನೀವ್ಯಾಕೆ ಹೇಳ್ತೀರಾ?" ಎಂದಳು ಸಿರಿ.

ಅವಳನ್ನು ಜ್ಯೂಸ್ ಕುಡಿಯಲು ಕಳಿಸಿ, ಎಮ್ರಿಸ್ ನನ್ನ ಪಕ್ಕ ಕುಳಿತರು.

"ನನ್ನ ಮಗ ರೀಸ್ ಹೀಗೇ ಸೊಟ್ಟಗೆ ನಿಂತು ಆಡುತ್ತಿದ್ದ. ಅವನ ವಯಸ್ಸಿನಲ್ಲಿ ನನಗೂ ಅಂಥ ಆಟ ಬರುತ್ತಿರಲಿಲ್ಲ. ಚಾಂಪಿಯನ್ ಮಗ ಸೊಟ್ಟ ನಿಂತರೆ ಹೇಗೆ ಅಂತ ನನಗೆ ನಾಚಿಕೆ. ಕೂರಿಸಿ ಹೇಳಿ, ಬೈದು, ಪಾದ ಇಡುವ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ ನೇರ ಮಾಡಿದೆ. ಚಿತ್ರದ ಹಾಗೆ ನಿಲ್ಲೋದಕ್ಕೆ ಕಲಿತ. ಆದರೆ ಚೆಂಡು ಒಳಗೆ ಹೋಗೋದು ನಿಂತಿತು. ಒಂದು ದಿನ ಆಟದ ಮಧ್ಯೆ ಕ್ಯೂ ಟೇಬಲ್ ಮೇಲಿಟ್ಟು ಹೊರಟುಹೋದ. ಮತ್ತೆ ಮುಟ್ಟಲಿಲ್ಲ. ನನ್ನ ಜೊತೆ ಮಾತೂ ಬಿಟ್ಟ." "ನಿನ್ನ ಮಗಳು ಸೋಲಲಿ ಮೂರ್ತಿ. ನಾಳೆಯೂ ಆಡೋದಕ್ಕೆ ಬರ್ತಾಳಲ್ಲ," ಎಂದರು.

ಆ ರೀಸ್ ಆಸ್ಟ್ರೇಲಿಯಾದಲ್ಲಿ ಬೇಕರಿ ನಡೆಸುತ್ತಿದ್ದ. ಮರುವರ್ಷ ಗೆಳೆಯನ ಮದುವೆಗೆ ವೇಲ್ಸಿಗೆ ಹೋಗುವಾಗ ದೋಹಾದಲ್ಲಿ ವಿಮಾನ ಬದಲಿಸಬೇಕಿತ್ತು. ನಡುವೆ ಒಂದು ಹಗಲು ಬಿಡುವು. ಬಂದು ಹೋಗುತ್ತೇನೆಂದು ಅವನೇ ಫೋನು ಮಾಡಿದ್ದ. ಎಮ್ರಿಸ್‌ಗೆ ಕಾರು ಓಡಿಸಲು ಕಣ್ಣು ಸಾಲದು. ಹಾಗಾಗಿ ನಾನೇ ವಿಮಾನ ನಿಲ್ದಾಣದಿಂದ ಕರೆತಂದೆ. ಅಪ್ಪನಿಗೆಂದು ತಾನೇ ಮಾಡಿದ ಬ್ರೆಡ್ಡಿನ ಪೊಟ್ಟಣವೊಂದು ಅವನ ಕೈಯಲ್ಲಿತ್ತು. ಕ್ಲಬ್ಬಿನ ಕ್ಯಾಂಟೀನ್ ನೋಡಿಕೊಳ್ಳುವ ಪುತ್ತೂರಿನ ಹಮೀದ್ ಬಾಗಿಲಲ್ಲೇ ಪಿಸುಗುಟ್ಟಿದರು: "ಎಂತ ಮಾರಾಯ್ರೆ, ಕೋಚ್ ಬೆಳಿಗ್ಗೆಯಿಂದ ಆ ಟೇಬಲ್ ಒರೆಸಿದ್ದೇ ಒರೆಸಿದ್ದು. ಯಾರಿಗೂ ಮುಟ್ಲಿಕ್ಕೆ ಬಿಡ್ಲಿಲ್ಲ."

ಅಪ್ಪ ಮಗ ಹವೆಯ ಬಗ್ಗೆ, ವಿಮಾನದ ಊಟದ ಬಗ್ಗೆ ಮಾತಾಡಿದರು. ಆಮೇಲೆ ಎಮ್ರಿಸ್, "ಒಂದು ಆಟ ಆಡೋಣವಾ?" ಎಂದರು. ರೀಸ್ ಟೇಬಲ್ಲಿನ ಹಸಿರು ಬಟ್ಟೆಯ ಮೇಲೆ ಅಂಗೈ ಆಡಿಸಿದ.

"ಬೇಡಪ್ಪ. ನನ್ನ ಕೈಗೆ ಮರೆತುಹೋಗಿದೆ."

ಪಕ್ಕದ ಟೇಬಲ್ಲಿನಲ್ಲಿ ಸಿರಿ ಎಂದಿನಂತೆ ತಲೆ ಓರೆ ಮಾಡಿ ಆಡುತ್ತಿದ್ದಳು. ರೀಸ್ ಅವಳನ್ನೇ ನೋಡುತ್ತ ನಿಂತ. "ಈ ಹುಡುಗಿಯನ್ನು ನೀನು ತಿದ್ದಲಿಲ್ಲವೇ?" ಎಂದು ಕೇಳಿದ.

"ಇಲ್ಲ," ಎಂದರು ಎಮ್ರಿಸ್.

ರೀಸ್ ಹೊರಗೆ ನಡೆದ. ಆ ಉರಿಬಿಸಿಲಿನಲ್ಲಿ ಪಾರ್ಕಿಂಗ್ ಜಾಗದಲ್ಲಿ ಕಾರುಗಳ ನಡುವೆ ನಿಂತುಬಿಟ್ಟ. ಕಿಟಕಿಯ ಗಾಜಿನಿಂದ ಅವನ ಬೆನ್ನು ಕಾಣುತ್ತಿತ್ತು.

"ಹೋಗಿ ಮಾತಾಡಿ ಕೋಚ್," ಎಂದೆ.

"ಏನಂತ ಮಾತಾಡಲಿ?" ಎಂದರು. ಮಕ್ಕಳಿಗೆ ಸದ್ದು ಕೇಳಿಯೇ ತಪ್ಪು ಹೇಳುತ್ತಿದ್ದ ಮನುಷ್ಯ, ನನ್ನಿಂದ ಉತ್ತರ ಸಿಗಬಹುದು ಎಂಬಂತೆ ನೋಡಿದರು. ಕೊನೆಗೆ ಹಮೀದ್ ಅವರೇ ಒಂದು ಲೋಟ ಟೀ ಹಿಡಿದು ಹೊರಗೆ ಹೋದರು.

ಸಂಜೆ ವಿಮಾನ ನಿಲ್ದಾಣದಲ್ಲಿ ಅಪ್ಪ ಮಗ ಕೈಕುಲುಕಿದರು. ಎಮ್ರಿಸ್ ಕೈ ಬಿಡುವುದು ತುಸು ತಡವಾಯಿತು. ರೀಸ್ ತಿರುಗಿ ನೋಡದೆ ಒಳಗೆ ಹೋದ.

ಕೆಲವು ತಿಂಗಳಲ್ಲಿ ಎಮ್ರಿಸ್ ಅವರ ಕಾಂಟ್ರಾಕ್ಟ್ ಮುಗಿಯಿತು. ವೇಲ್ಸಿಗೆ ಮರಳಿದವರು ಮುಂದಿನ ಚಳಿಗಾಲ ಕಾಣಲಿಲ್ಲ. ಸುದ್ದಿ ತಿಳಿಸಿದವನು ರೀಸ್. ಅಪ್ಪನ ಫೋನಿನಲ್ಲಿ ನನ್ನ ನಂಬರ್ ಸಿಕ್ಕಿತಂತೆ. ಹೇಳಬೇಕಾದ್ದನ್ನು ಹೇಳಿದ ಮೇಲೂ ಅವನು ಫೋನಿಡಲಿಲ್ಲ.

"ಅವತ್ತು ನಾನು ವಿಮಾನ ನಿಲ್ದಾಣದ ಒಳಗೆ ಹೋದ ಮೇಲೆ ಅಪ್ಪ ಏನಾದರೂ ಹೇಳಿದರಾ?"

"ನೀನು ತಂದುಕೊಟ್ಟ ಬ್ರೆಡ್ ಇತ್ತಲ್ಲ, ಕಾರಿನಲ್ಲಿ ಅದನ್ನು ಮುರಿದು ಮುರಿದು ತಿನ್ನುತ್ತಾ ಬಂದರು," ಎಂದೆ. "'ಎಷ್ಟು ಚೆನ್ನಾಗಿ ಮಾಡಿದ್ದಾನೆ ನೋಡು. ನಾನು ಹೇಳಿಕೊಡದೆ ಕಲಿತದ್ದು' ಅಂದರು."

"ಅಷ್ಟೇನಾ?"

"ಅಷ್ಟೇ. ನನಗೂ ಒಂದು ತುಂಡು ಕೊಟ್ಟರು."

ಅವನು, "ಅವರು ಅದನ್ನು ನನಗೇ ಹೇಳಬಹುದಿತ್ತು," ಎಂದ.