ಬೀಗತಿಯ ಖಾಲಿ ಕೈ

ಬೀಗತಿ ನನ್ನ ಮೊಮ್ಮಗಳನ್ನು ಕಸಿದುಕೊಳ್ಳಲಿಲ್ಲ. ಚಹಾದ ಜೊತೆ ತಾಟಿನಲ್ಲಿಟ್ಟು ನಾನೇ ಕೊಟ್ಟೆ. ನಡೆದದ್ದು ಇಷ್ಟೇ. ಮಗನನ್ನು ಕೇಳಿದರೆ, "ಅಂಥಾದ್ದೇನೂ ಆಗೇ ಇಲ್ಲ ಬಿಡವ್ವ" ಎನ್ನುತ್ತಾನೆ. ಸಂಜೆ ಆರು ಗಂಟೆಗೆ ಮನೆಯಲ್ಲಿ ಇಲ್ಲದವರಿಗೆ ಏನೂ ಆಗಿರುವುದಿಲ್ಲ.

ನಾವಿರುವುದು ಪುಣೆಯ ಭೋಸರಿಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಹಾಕಲು ಒಂದು ಗ್ಯಾಲರಿ. ಮಗ ಇಲ್ಲೇ ಒಂದು ಕಾರ್ಖಾನೆಯಲ್ಲಿ ಮಶೀನು ನಡೆಸುತ್ತಾನೆ. ಸೊಸೆ ವಾಕಡದಲ್ಲಿ ಒಂದು ದವಾಖಾನೆಯ ಕೌಂಟರಿನಲ್ಲಿ ಕೂರುತ್ತಾಳೆ, ಮನೆ ಮುಟ್ಟುವಾಗ ಎಂಟಾಗುತ್ತದೆ. ನಾನು ಕಲಬುರಗಿ ಕಡೆಯವಳು. ಕನ್ನಡ ಸಾಲೆಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿದೆ. ಮದುವೆಯಾದ ಮೇಲೆ ಗಂಡನ ಜೊತೆ ಇಟ್ಟಿಗೆ ಹೊರಲು ಪುಣೆಗೆ ಬಂದೆ. ಮರಾಠಿಯನ್ನು ಬೀದಿಯಲ್ಲಿ ಕಲಿತೆ. ಇಂಗ್ಲಿಷ್ ಕಲಿಸುವ ಬೀದಿ ನನಗೆ ಸಿಗಲಿಲ್ಲ.

ಮೊಮ್ಮಗಳು ಮೂರನೇ ಇಯತ್ತೆ, ಇಂಗ್ಲಿಷ್ ಮೀಡಿಯಂ. ಮಧ್ಯಾಹ್ನದ ಪಾಳಿಯ ಶಾಲೆ. ಸಂಜೆ ಬಂದು ಕೈಕಾಲು ತೊಳೆದು, ಚಹಾದಲ್ಲಿ ಖಾರಿ ಬಿಸ್ಕೀಟು ಅದ್ದಿಕೊಂಡು ತಿನ್ನುವ ಹೊತ್ತಿಗೆ ಆರು. ಆರರಿಂದ ಏಳರವರೆಗೆ ಅವಳು ನನ್ನವಳು. ನೆಲದ ಮೇಲೆ ನನ್ನೆದುರು ಕಾಲು ಚಾಚಿ ಕುಳಿತು ಪಾಠ ಒಪ್ಪಿಸುತ್ತಿದ್ದಳು. ಪುಸ್ತಕ ನನ್ನ ಕೈಯಲ್ಲಿ. ಅದರಲ್ಲಿ ಒಂದಕ್ಷರವೂ ನನಗೆ ತಿಳಿಯದು. ಆದರೆ ತಪ್ಪು ಹೇಳುವಾಗ ಅವಳ ಎಡಗಾಲಿನ ಹೆಬ್ಬೆರಳು ಆಡುತ್ತದೆ. ಮಾತು ಬಂದಾಗಿನಿಂದಲೂ ಹಾಗೆಯೇ. ಸುಳ್ಳು ಹೇಳಿದರೂ ಆಡುತ್ತದೆ, ಗೊತ್ತಿಲ್ಲದ್ದನ್ನು ಹೇಳಿದರೂ ಆಡುತ್ತದೆ. ಅದು ಅವಳಿಗೇ ಗೊತ್ತಿಲ್ಲ.

"ಈಟ್, ಏಟ್, ವಿಲ್ ಈಟ್. ಡ್ರಿಂಕ್, ಡ್ರಿಂಕ್ಡ್..."

ಬೆರಳು ಆಡಿತು.

"ಏನಂದಿ? ಇನ್ನೊಮ್ಮಿ ಅನ್ನು."

"ಡ್ರಿಂಕ್... ಡ್ರ್ಯಾಂಕ್."

ಬೆರಳು ನಿಂತಿತು. "ಹಾಂ, ಮುಂದ ನಡಿ" ಎಂದೆ.

ನಿನ್ನೆಯದು, ಇವತ್ತಿನದು, ನಾಳೆಯದು ಎಂದು ಒಂದೇ ಕೆಲಸಕ್ಕೆ ಮೂರು ಮಾತು. ಹೀಗೆ ಒಂದು ವರ್ಷ ನಡೆಯಿತು. "ನಮ್ಮ ಆಯಿಗೆ ಎಲ್ಲಾ ಇಂಗ್ಲಿಷ್ ಬರ್ತದ" ಎಂದು ಅವಳು ಕೆಳಗಿನ ಮನೆಯ ಹುಡುಗಿಗೆ ಹೇಳಿದ್ದನ್ನು ಗ್ಯಾಲರಿಯಿಂದ ಕೇಳಿಸಿಕೊಂಡಿದ್ದೇನೆ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ಅವಳ ಮಾತನ್ನು ನಾನು ತಿದ್ದಲಿಲ್ಲ. ತಿದ್ದಬೇಕೆಂದು ಅನಿಸಲೂ ಇಲ್ಲ.

ದೀಪಾವಳಿ ಮುಗಿದ ಮೇಲೆ ಬೀಗತಿ ಬಂದರು, ಸೊಸೆಯ ತಾಯಿ. ಧಾರವಾಡದವರು. ಗಂಡ ಕಚೇರಿಯಲ್ಲಿ ಕ್ಲಾರ್ಕ್ ಆಗಿದ್ದವರು, ಈಗಿಲ್ಲ. ಇವರೂ ಎರಡು ವರ್ಷ ಕಾಲೇಜು ಓದಿದವರು. ಮನೆಯ ಮೇಲ್ಛಾವಣಿ ತೆಗೆಸಿ ಹೊಸದು ಹಾಕಿಸುತ್ತಿದ್ದರು, ಅದು ಮುಗಿಯುವವರೆಗೆ ಎರಡು ತಿಂಗಳು ನಮ್ಮಲ್ಲಿ. ಇಸ್ತ್ರಿ ಮಾಡಿದ ಸೀರೆ, ಕನ್ನಡಕಕ್ಕೆ ಒಂದು ಡಬ್ಬಿ, ಆ ಡಬ್ಬಿ ಒರೆಸಲು ಒಂದು ಬಟ್ಟೆ.

ಬಂದ ದಿನವೇ ಚಹಾ ಕುಡಿದ ಕಪ್ಪು ತೊಳೆಯಲು ಎದ್ದರು. ನಾನು ಕೈಯಿಂದ ಕಸಿದುಕೊಂಡೆ. "ಬೀಗರು ಕೈ ತೋಯಿಸಿಕೊಂಡ್ರ ನಮ್ಮ ಮನಿ ಮರ್ಯಾದಿ ಏನುಳೀತ್ರಿ? ಕುಂದರ್ರಿ."

ಮರುದಿನ ಮೆಂತ್ಯ ಸೊಪ್ಪು ಸೋಸಲು ಕೇಳಿದರು. ಕೊಡಲಿಲ್ಲ. ಒಣಗಿದ ಬಟ್ಟೆ ಮಡಚಲು ಹೋದರು. ಬಿಡಲಿಲ್ಲ. ಹೆಣ್ಣು ಕೊಟ್ಟ ಮನೆಯವರನ್ನು ದುಡಿಸಿಕೊಂಡರು ಎಂದು ನಾಳೆ ಧಾರವಾಡದಲ್ಲಿ ಮಾತಾಗಬಾರದು. ನಾನು ಮಣ್ಣು ಹೊತ್ತವಳು, ಆದರೂ ಬೀಗರಿಗೆ ಮರ್ಯಾದೆ ಮಾಡುವುದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ ಎಂದು ತೋರಿಸಬೇಕಿತ್ತು. ತೋರಿಸಿದೆ. ಮೂರನೇ ದಿನ ಆರು ಗಂಟೆಗೆ ನಾನು ಇಬ್ಬರ ಬದಲು ಮೂವರ ಚಹಾ ಮಾಡಿ, ಬೀಗತಿಗೆಂದು ಎರಡು ಭಜಿಯನ್ನೂ ಕರಿಯುತ್ತ ಒಳಗೆ ನಿಂತಿದ್ದೆ. ಹೊರಗೆ ಕೈ ಖಾಲಿ ಇದ್ದವರು ಅವರೊಬ್ಬರೇ. ಪುಸ್ತಕ ಅಲ್ಲೇ ಬಿದ್ದಿತ್ತು. ಎತ್ತಿಕೊಂಡರು.

ಒಮ್ಮೆ ಎತ್ತಿಕೊಂಡವರು ಕೆಳಗಿಡಲಿಲ್ಲ.

ನಾನು ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದೆ. ಅವರಿಗೆ ಚೆನ್ನಾಗಿ ಕಲಿಸಲು ಬರುತ್ತಿತ್ತು, ನನಗೆ ಸಂಕಟವಾದದ್ದು ಅದಕ್ಕೇ. ಕೆಟ್ಟದಾಗಿ ಕಲಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮೂರು ಸ್ಟೀಲಿನ ಡಬ್ಬಿಗಳನ್ನೇ ತೆಗೆದುಕೊಂಡು ಹೋಗಿ ಮಂಚದ ಮೇಲೆ ಸಾಲಾಗಿಟ್ಟರು. ತಿಂಗಳು, ವರ್ಷ ಬಂದರೆ ದೊಡ್ಡ ಡಬ್ಬಿ, ಅದಕ್ಕೆ 'ಇನ್'. ವಾರದ ದಿನ ಬಂದರೆ ನಡುವಿನದು, 'ಆನ್'. ಗಡಿಯಾರದ ಗಂಟೆ ಬಂದರೆ ಸಣ್ಣದು, 'ಅಟ್'. ಅವರು "ಜೂನ್!" ಎಂದರೆ ಹುಡುಗಿ ದೊಡ್ಡ ಡಬ್ಬಿ ಬಡಿದು "ಇನ್ ಜೂನ್!" ಎಂದು ಕೂಗುವಳು. "ಮಂಡೇ!" ಎಂದರೆ ನಡುವಿನದು. ಡಬ್ಬಿ ಬಡಿಯುವ ಸದ್ದಿಗಿಂತ ಅವಳ ನಗು ಜೋರು. ನನ್ನ ಹತ್ತಿರ ಓದುವಾಗ ಅವಳು ಹಾಗೆ ನಕ್ಕಿದ್ದು ನನಗೆ ನೆನಪಿಲ್ಲ.

ಇನ್ನೊಂದು ದಿನ ನಾನು ಚಹಾದ ತಾಟು ಹಿಡಿದು ಬಂದೆ. ಬೀಗತಿ ನನ್ನ ಕಡೆ ಬೆರಳು ಮಾಡಿ, "ಈಗ ಇವರ ಮ್ಯಾಲೆ ಹೇಳು ನೋಡೂಣು" ಎಂದರು.

"ಶಿ ಮೇಕ್ಸ್ ಟೀ. ಶಿ ಮೇಡ್ ಟೀ. ಶಿ ವಿಲ್ ಮೇಕ್ ಟೀ."

ಶಿ ಅಂದರೆ ಅವಳು, ಅಷ್ಟು ನನಗೂ ಗೊತ್ತು. ನಿನ್ನೆ ಚಹಾ, ಇವತ್ತು ಚಹಾ, ನಾಳೆಯೂ ಚಹಾ. ತಾಟು ಕೆಳಗಿಟ್ಟು ಹೇಳಿದೆ: "ನಿಮ್ಮ ಅಜ್ಜಿ ಏನು ಮಾಡ್ತಾರ ಅದನ್ನೂ ಹೇಳು. ನಿನ್ನಿ ಕುಂತಿದ್ರು, ಇವತ್ತ ಕುಂತಾರ, ನಾಳಿ ಕುಂದ್ರತಾರ."

ಬೀಗತಿಯ ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ, "ಹೌದ್ರಿ, ಖರೇನ ಅದ. ಹೇಳವ್ವಾ" ಎಂದರು.

"ಶಿ ಸ್ಯಾಟ್. ಶಿ ಸಿಟ್ಸ್. ಶಿ ವಿಲ್ ಸಿಟ್!" ಎಂದಳು ಹುಡುಗಿ, ಬಹಳ ಖುಷಿಯಿಂದ. ನನ್ನ ಕೊಂಕು ಮಾತೂ ಅವರ ಪಾಠವಾಗಿಹೋಯಿತು.

ಆಮೇಲೆ ನಾನು ಸಣ್ಣತನ ಮಾಡಿದೆ. ಮುಚ್ಚಿಡುವುದೇನಿದೆ? ಅವರ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದೆ. "ಛಲೋ ಆತ್ರಿ, ಡಾಕ್ಟರು ಕಡಿಮಿ ಮಾಡ್ರಿ ಅಂದಿದ್ರು" ಎಂದು ಕುಡಿದರು. ತರಕಾರಿ ಗಾಡಿಗೆ ಕರೆದುಕೊಂಡು ಹೋಗಿ, ಮರಾಠಿ ಬಾರದ ಅವರನ್ನು ಮುಂದೆ ನಿಲ್ಲಿಸಿ, ನಾನು ದೂರದಲ್ಲಿ ಬದನೆಕಾಯಿ ಆರಿಸುತ್ತ ನಿಂತೆ. ಏನು ಬೇಕೆಂದು ಗಾಡಿಯವಳು "ಕಾಯ್ ಪಾಯಿಜೆ, ಕಾಕೂ?" ಎಂದು ಮೂರು ಸಲ ಕೇಳಿದಳು. ಬೀಗತಿ ಸುಮ್ಮನೆ ನಕ್ಕರು. ಆ ಐದು ನಿಮಿಷ ನನಗೆ ಹಿತವಾಯಿತು. ಆದರೆ ಆರು ಗಂಟೆ ಮತ್ತೆ ಬಂದೇ ಬಂತು.

ಒಂದು ದಿನ ಪಾಠ ಶುರುವಾಗುತ್ತಿದ್ದಂತೆಯೇ ಹುಡುಗಿಯನ್ನು ಕರೆದು, "ಓಡಿ ಹೋಗಿ ಕರಿಬೇವು ತಗೊಂಬಾ" ಎಂದೆ.

ಬೀಗತಿ ಎದ್ದು ನಿಂತು ಚಪ್ಪಲಿ ಹುಡುಕಿದರು. "ಆಕಿ ಓದ್ಲಿ ಬಿಡ್ರಿ, ನಾ ಹೋಗಿ ತರ್ತೀನಿ."

ಬೀಗರನ್ನು ಕರಿಬೇವಿಗೆ ಓಡಿಸಲಾದೀತೇ? "ಬ್ಯಾಡ್ರಿ, ಇದ್ದದ್ದರಾಗ ಮಾಡ್ತೀನಿ" ಎಂದು ಒಳಗೆ ಬಂದೆ. ನಾನು ಹಾಕಿದ ಕಟ್ಟು ನನ್ನ ಕಾಲಿಗೇ ತೊಡರಿತು. ಅವತ್ತಿನ ಸಾರಿಗೆ ಒಗ್ಗರಣೆ ಸಪ್ಪೆ.

ಡಿಸೆಂಬರಿನಲ್ಲಿ ಶಾಲೆಯಲ್ಲಿ ಬಾಯಿಪರೀಕ್ಷೆ ಇಟ್ಟರು. ಟೀಚರು ಎದುರು ನಿಲ್ಲಿಸಿ ಕೇಳುವುದು, ಮಕ್ಕಳು ಹೇಳುವುದು. ಪರೀಕ್ಷೆಯ ಹಿಂದಿನ ಸಂಜೆ ಅವಳು ಯಾರ ಮುಂದೆ ಕೂರುತ್ತಾಳೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ನಾಲ್ಕಕ್ಕೇ ಬೇಳೆ ಬೇಯಿಸಿದೆ, ಅನ್ನ ಇಳಿಸಿದೆ. ಆರಕ್ಕೆ ಕೈ ಒರೆಸಿಕೊಂಡು ಹೊರಗೆ ಬಂದು ಪುಸ್ತಕ ಎತ್ತಿಕೊಂಡೆ. "ಇವತ್ತ ನಾ ಒಪ್ಪಿಸಿಕೋತೀನಿ."

ಬೀಗತಿ ಕಿಟಕಿಯ ಕಡೆ ಸರಿದು ಕುಳಿತರು.

ಹುಡುಗಿ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಫ್ರಾಕು ಮೊಣಕಾಲು ದಾಟಿ ಪಾದವನ್ನೂ ಮುಚ್ಚಿತ್ತು.

"ಕಾಲು ಚಾಚಿ ಕುಂದ್ರು" ಎಂದೆ.

"ಹಿರಿಯರ ಮುಂದ ಕಾಲು ಚಾಚಬಾರದಂತ, ಆಯಿ. ಅಜ್ಜಿ ಹೇಳ್ಯಾರ."

ಚಾಚಬಾರದು, ನಿಜ. ನನ್ನ ಅವ್ವನೂ ಹಾಗೇ ಹೇಳುತ್ತಿದ್ದಳು. ಹುಡುಗಿ ಶುರು ಮಾಡಿದಳು. ಒಂದಾದ ಮೇಲೊಂದು, ಇಂಗ್ಲಿಷ್ ಸರಸರ ಹೋಗುತ್ತಿತ್ತು. ನಾನು ಪುಸ್ತಕ ಹಿಡಿದು ಫ್ರಾಕಿನ ಅಂಚು ನೋಡುತ್ತ ಕುಳಿತಿದ್ದೆ. ಎಷ್ಟು ಹೊತ್ತು ಸುಮ್ಮನಿರಲಿ? ಒಂದು ಸಲವಾದರೂ ತಡೆಯದಿದ್ದರೆ ನಾನು ಕುಳಿತದ್ದಕ್ಕೆ ಅರ್ಥವೇನು?

"ತಪ್ಪು. ಇನ್ನೊಮ್ಮಿ ಅನ್ನು" ಎಂದೆ.

ಅವಳು ಮತ್ತೆ ಅದನ್ನೇ ಹೇಳಿದಳು.

"ತಪ್ಪು ಅಂದೆ."

"ಇಲ್ಲ ಆಯಿ, ಸರಿ ಅದ." ಕಿಟಕಿಯ ಕಡೆ ತಿರುಗಿದಳು. "ಅಜ್ಜಿ, ಸರಿ ಅಲ್ಲೇನ್ರಿ?"

ಬೀಗತಿ ತಿರುಗಲಿಲ್ಲ. ಅವಳು ಇನ್ನೊಮ್ಮೆ ಕೇಳಿದಳು. ಆಗ ಅವರು ಮೆಲ್ಲಗೆ, "ಸರಿ ಅದವಾ" ಎಂದರು.

ಹುಡುಗಿ ನನ್ನನ್ನು ನೋಡಿದಳು. ಚೇಷ್ಟೆಯಿಂದಲ್ಲ, ಲೆಕ್ಕ ಬಿಡಿಸುವಾಗ ನೋಡುವ ಹಾಗೆ. "ಆಯಿ, ನಿನಗ ಇಂಗ್ಲಿಷ್ ಬರೂದೇ ಇಲ್ಲ? ಮತ್ತ ಮೊದಲೆಲ್ಲ ಹೆಂಗ ಹೇಳ್ತಿದ್ದಿ?"

"ಒಲಿ ಮ್ಯಾಲ ಬ್ಯಾಳಿ ಅದ" ಎಂದು ಪುಸ್ತಕ ಮಂಚದ ಮೇಲಿಟ್ಟು ಎದ್ದು ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಬೀಗತಿ ಅಡುಗೆಮನೆಗೆ ಬಂದರು. ಬಂದವರು ನಿಂತೇ ಇದ್ದರು. ನಾನು ಕೂರಿ ಎನ್ನಲಿಲ್ಲ. ಆ ಮಾತು ಹೇಳಿ ಹೇಳಿ ನನಗೂ ಸಾಕಾಗಿತ್ತು.

"ನನಗ ಏನರೆ ಒಂದು ಕೆಲಸ ಕೊಡ್ರಿ, ಬೀಗತ್ಯಾರ" ಎಂದರು.

"ಅದೆಲ್ಲಾ ಬ್ಯಾಡ್ರಿ."

"ಬ್ಯಾಡ ಅನಬ್ಯಾಡ್ರಿ. ಅಳಿಯನ ಮನ್ಯಾಗ ಕೂತು ಉಣ್ಲಿಕ್ಕೆ ಮದ್ಲೇ ತುತ್ತು ಇಳಿಯೂದಿಲ್ಲ. ನೀವು ಒಂದು ಕಪ್ಪು ತೊಳೀಲಿಕ್ಕೂ ಬಿಡೂದಿಲ್ಲ. ನಿನ್ನೆ ಕುಂತಿದ್ರು, ಇವತ್ತ ಕುಂತಾರ ಅಂದ್ರಲ್ಲ, ಅದು ಭಾಳ ಚುಚ್ಚಿತ್ರಿ. ಹುಡುಗಿ ಪುಸ್ತಕ ಒಂದ ನೀವು ನನ್ನ ಕೈಯಾಗ ಬಿಟ್ಟದ್ದು. ಅದನ್ನೂ ಬಿಟ್ಟ್ರ ನಾ ಏನು ಮಾಡ್ಲಿ, ಗ್ವಾಡಿ ನೋಡ್ಲೇನು?"

ಈ ಮಾತು ಕೇಳಿ ನನ್ನ ಮನಸ್ಸು ಕರಗಿತು ಎಂದು ಬರೆದರೆ ಸುಳ್ಳಾಗುತ್ತದೆ. ಕರಗಲಿಲ್ಲ. ಅವರಿಗೆ ಬರುವುದು ನನಗೆ ಬರುವುದಿಲ್ಲ ಎಂಬ ಉರಿ ಅವತ್ತೂ ಇತ್ತು, ಈಗಲೂ ಇದೆ. ನನಗೆ ಕಂಡದ್ದು ಒಂದೇ. ಇವರ ಕೈಗೆ ಹಿಟ್ಟು ಹತ್ತಿದ್ದರೆ ಪುಸ್ತಕ ಹತ್ತುತ್ತಿರಲಿಲ್ಲ. ಮರ್ಯಾದೆ, ಮರ್ಯಾದೆ ಎಂದು ಐದು ವಾರ ನಾನೇ ಅವರ ಕೈ ಖಾಲಿ ಇಟ್ಟಿದ್ದೆ.

"ನಾಳಿ ನೋಡೂಣ್ರಿ" ಎಂದೆ.

ಮರುದಿನ ಬೆಳಿಗ್ಗೆ ಮಗ ಕಾರ್ಖಾನೆಗೆ ಹೋದ, ಸೊಸೆಯೂ ಹೋದಳು. ಶಾಲೆಗೆ ಮಧ್ಯಾಹ್ನದವರೆಗೆ ಹೊತ್ತಿತ್ತು. ನಾನು ಪರಾತದಲ್ಲಿ ಜೋಳದ ಹಿಟ್ಟು ಹಾಕಿ, ಬಿಸಿನೀರಿನ ತಂಬಿಗೆ ಪಕ್ಕದಲ್ಲಿಟ್ಟು, ಹಂಚು ಕಾಯಲು ಇಟ್ಟು, ಬೀಗತಿಯನ್ನು ಕರೆದೆ. "ಹನ್ನೆರಡು ರೊಟ್ಟಿ ಬೇಕ್ರಿ. ಬಡೀರಿ."

ಅವರು ಬಳೆ ಹಿಂದೆ ಸರಿಸಿ, ಸೆರಗು ಸಿಕ್ಕಿಸಿ ನಿಂತರು. ಮೊದಲನೇ ರೊಟ್ಟಿ ಹಂಚಿಗೆ ಬಿತ್ತು. ನನ್ನದಕ್ಕಿಂತ ತೆಳ್ಳಗಿತ್ತು, ಉಬ್ಬಿತು ಕೂಡ. ಅದನ್ನು ಹೆಚ್ಚು ಹೊತ್ತು ನೋಡದೆ ಹೊರಗೆ ಬಂದು, ಅಡುಗೆಮನೆಗೆ ಬೆನ್ನು ಮಾಡಿ ನೆಲದ ಮೇಲೆ ಕುಳಿತೆ.

"ಬಾ ಇಲ್ಲಿ. ಪುಸ್ತಕ ತಗೊಂಬಾ."

"ನಿನಗ ಬರೂದಿಲ್ಲಲ್ಲ, ಆಯಿ" ಎಂದಳು.

"ಬರೂದಿಲ್ಲ. ನಿನಗ ಬರ್ತದೋ ಇಲ್ಲೋ ಅದು ಗೊತ್ತಾಗ್ತದ. ಕುಂದ್ರು. ಕಾಲು ಚಾಚು."

"ಅಜ್ಜಿ..."

"ನಿಮ್ಮ ಅಜ್ಜಿ ರೊಟ್ಟಿ ಬಡ್ಯಾಕತ್ತಾರ. ನಾ ಹೇಳೀನಿ, ಚಾಚು."

ಅವಳು ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಿಟ್ಟರೆ ಬೇರೆ ಏನೂ ಬರಲಿಲ್ಲ. ಪುಸ್ತಕ ನನ್ನ ಕೈಗೆ ಕೊಟ್ಟು, ಎದುರಿಗೆ ಕುಳಿತು, ಎರಡೂ ಕಾಲನ್ನು ನನ್ನ ಮೊಣಕಾಲಿಗೆ ತಾಗುವಷ್ಟು ಚಾಚಿದಳು. ನಾನು ಎಡಗಾಲಿನ ಮೇಲೆ ಕಣ್ಣಿಟ್ಟು, "ಹಾಂ, ಶುರು ಮಾಡು" ಎಂದೆ.