ಚಾವಿ ಕೊಡದ ಮಿಸ್ತ್ರಿ

ಮಿಸ್ತ್ರಿಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಬೋಳು ಬೆರಳನ್ನು ಟೈರಿನ ಮೇಲೆ ಅಡ್ಡಡ್ಡ ಎಳೆದು ನೋಡಿ, ಗಾಡಿಯವರಿಗೆ ಬೈಯಲು ಶುರು ಮಾಡುತ್ತಿದ್ದ. ರಾಯಚೂರಿನಲ್ಲಿ ಆತನ ವೀಲ್ ಅಲೈನ್‌ಮೆಂಟ್ ಅಂಗಡಿ. ದಿನವೂ ಕಾರಿನಲ್ಲಿ ಕುರ್ಡಿಯ ಶಾಲೆಗೆ ಹೋಗಿಬರುತ್ತಿದ್ದ ನನಗೆ ಆತನನ್ನು ಕಂಡರೆ ಮೈ ಉರಿಯುತ್ತಿತ್ತು.

"ಟೈರಿನ ಒಳಮಗ್ಗಲ ಸವದು ಗರಗಸ ಆಗ್ಯದ. ಸ್ಟೇರಿಂಗ್ ಎಡಕ್ಕ ಎಳಿಯಾಕತ್ತಿ ಎಷ್ಟು ದಿನ ಆತು?"

"ಎರಡು ತಿಂಗಳು."

"ಎರಡು ತಿಂಗಳು ಅದರ ಕೂಡ ಕುಸ್ತಿ ಹಿಡದೀರಿ. ಇಲ್ಲಿಗೆ ಬರಾಕ ಏನಾಗಿತ್ರಿ ಟೀಚರ್?"

ಹೆಣ್ಣೆಂದು ಹೀಗೆ ಮಾತಾಡುತ್ತಾನೆ ಅಂದುಕೊಂಡೆ. ಆಮೇಲೆ ಬಂದ ಜೀಪಿನವನಿಗೆ ನನಗಿಂತ ಹೆಚ್ಚು ಬೈದ.

ಒಂದು ಬೆಳಿಗ್ಗೆ ಅವ್ವನನ್ನು ಕೂರಿಸಿಕೊಂಡು ದೇವದುರ್ಗಕ್ಕೆ, ಅಣ್ಣನ ಮಗಳ ನಿಶ್ಚಿತಾರ್ಥಕ್ಕೆ ಹೊರಟಿದ್ದೆ. ಹೊಸ ಟೈರು ಹಾಕಿಸಿದ್ದೆ. ದಾರಿಯಲ್ಲಿ ಅಲೈನ್‌ಮೆಂಟ್ ಮಾಡಿಸೋಣವೆಂದು ನಿಲ್ಲಿಸಿದೆ. ಮಿಸ್ತ್ರಿ ಕೆಳಗೆ ತೂರಿ ನೋಡಿ, ಹೊರಗೆ ಬಂದು, ಚಾವಿಯನ್ನು ಜೇಬಿಗೆ ಹಾಕಿಕೊಂಡ.

"ಗಾಲಿ ತಿರುಗಿಸೋ ರಾಡಿನ ಗುಂಡು ಸಡ್ಲ ಆಗ್ಯದ. ಹೊಸಾದು ನಾಳಿ ಬರ್ತದ. ಅಲ್ಲೀತನ ಗಾಡಿ ಹೋಗಂಗಿಲ್ಲ."

"ನಾಳಿ ಮಾಡಸ್ತೀನಿ. ಚಾವಿ ಕೊಡ್ರಿ."

"ಕೊಡಂಗಿಲ್ಲ."

"ನನ್ನ ಗಾಡಿ ಅದು!"

"ಗಾಡಿ ನಿಮ್ದು. ಒಳಗ ಕುಂತ ಮುದುಕಿ ಏನು ಪಾಪ ಮಾಡ್ಯಾಳ?"

"ಕಳ್ಳ!" ಎಂದು ಕೂಗಿದೆ. ಬೀದಿಯ ಜನ ತಿರುಗಿ ನೋಡಿದರು. ಆತನ ಮುಖ ಬಿಳಿಚಿಕೊಂಡಿತು. ಚಾವಿ ಮಾತ್ರ ಕೊಡಲಿಲ್ಲ. ನಾವು ಬಸ್ಸಿನಲ್ಲಿ ನಿಂತುಕೊಂಡೇ ಹೋದೆವು. ದಾರಿಯುದ್ದಕ್ಕೂ ಆತನಿಗೆ ಶಾಪ ಹಾಕಿದೆ.

ಮರುದಿನ ನನ್ನೆದುರೇ ಆ ಗುಂಡನ್ನು ಹಿಡಿದು ಜಗ್ಗಿದ. ಒಂದೇ ಏಟಿಗೆ ಕಿತ್ತು ಬಂತು. ಗ್ರೀಸು ಸಮೇತ ನನ್ನ ಅಂಗೈಯಲ್ಲಿಟ್ಟ.

"ರೋಡಿನ್ಯಾಗ ಹಿಂಗ ಕಿತ್ತಿದ್ರ ಒಂದು ಗಾಲಿ ಆ ಕಡಿ, ಒಂದು ಈ ಕಡಿ. ಈಗ ಹೇಳ್ರಿ, ನಾ ಏನು ಕದ್ದೀನಿ?"

ತಪ್ಪಾಯಿತು ಅನ್ನಬೇಕಿತ್ತು. ಸುತ್ತ ಜನರಿದ್ದರು. ಹೊಸ ಗುಂಡು ಕೂರಿಸಿದ ಮೇಲೆ ದುಡ್ಡು ಕೊಟ್ಟು ಕಾರು ಹತ್ತಿದೆ.

ಆಮೇಲೆ ಆರು ವರ್ಷ ಬೇರೆ ಅಂಗಡಿಗೆ ಹೋಗಲಿಲ್ಲ. ಆತ ಗಾಲಿ ನೆಟ್ಟಗೆ ಮಾಡಿ ಚಾವಿಯನ್ನು ಬಾನೆಟ್ ಮೇಲೆ ಇಡುತ್ತಿದ್ದ, ನನ್ನ ಕೈಗೆ ಕೊಡುತ್ತಿರಲಿಲ್ಲ. ಒಂದು ಮಾತೂ ಆಡಲಿಲ್ಲ, ಬೈಯಲೂ ಇಲ್ಲ. ನಾನೂ ಬಿಗಿದುಕೊಂಡೇ ಇದ್ದೆ.

ಹೋದ ವರ್ಷ ಆತ ಎದೆನೋವಿನಿಂದ ತೀರಿಕೊಂಡ. ಮನೆಗೆ ಹೋಗಿ, ಅಂಗಡಿಗೆ ಬರುತ್ತಿದ್ದ ಕುರ್ಡಿ ಶಾಲೆಯ ಟೀಚರ್ ಎಂದು ಹೇಳಿಕೊಂಡೆ. ಆತನ ಹೆಂಡತಿ ಕುಳಿತಲ್ಲಿಂದಲೇ ನನ್ನನ್ನು ನೋಡಿದಳು.

"ಕಳ್ಳ ಅಂದ ಟೀಚರ್ ನೀವೇ ಏನ್ರಿ?"

"ಹೌದ್ರಿ. ನಂದು ತಪ್ಪಾತು."

"ನನಗ ಯಾಕ ಹೇಳ್ತೀರಿ?" ಎಂದು ಆಕೆ ಮುಖ ಆಚೆ ತಿರುಗಿಸಿಕೊಂಡಳು.