ತೆಗೆಯಲಾಗದ ಬೀಗ

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ, ಮುಂಬಯಿಯ ಗೋರೆಗಾಂವ್. ಇದ್ದವರು ನಾನು ಮತ್ತು ಅತ್ತಿಗೆ.

ತೀರಿಹೋದ ಅಣ್ಣ ಕೂಡಿಟ್ಟಿದ್ದ ಯಕ್ಷಗಾನ ತಾಳಮದ್ದಳೆಯ ರೆಕಾರ್ಡಿಂಗ್‌ಗಳನ್ನೆಲ್ಲ ಹಾಡುವ ಒಂದು ಪುಟ್ಟ ಪೆಟ್ಟಿಗೆಗೆ ತುಂಬಿ ಅತ್ತಿಗೆಗೆ ಕೊಟ್ಟಿದ್ದೆ. ಪ್ಲಗ್ ಹಾಕಿದರೆ ಸಾಕು, ಅದು ತಾನೇ ಶುರುವಾಗುತ್ತದೆ. ಆದರೆ ಮಲಗುವ ಮೊದಲು ಮನೆಯ ಪ್ಲಗ್‌ಗಳನ್ನೆಲ್ಲ ಎಳೆದಿಡುವುದು ಅತ್ತಿಗೆಯ ರೂಢಿ. ಹಾಗೆ ಎಳೆದಾಗ ಒಮ್ಮೊಮ್ಮೆ ಮೆಮೊರಿ ಚಿಪ್‌ನ ಬೂಟ್ ಪಾರ್ಟಿಶನ್, ಅಂದರೆ ಪೆಟ್ಟಿಗೆ ಏಳಲು ಬೇಕಾದ ಸೂಚನೆಗಳಿರುವ ಭಾಗ, ಕೆಟ್ಟುಹೋಗುತ್ತಿತ್ತು. ರಿಪೇರಿಗೆಂದು ನಾನು ಭಾನುವಾರ ವಿಕ್ರೋಳಿಯಿಂದ ಬರುತ್ತಿದ್ದೆ. ಕೆಲಸವಿಲ್ಲದೆ ಯಾರ ಮನೆಗೂ ಹೋಗಿ ಕೂರುವವನಲ್ಲ ನಾನು.

"ಯಾವಾಗ ನಿಂತಿತು?"

"ಬುಧವಾರ."

"ಫೋನ್ ಮಾಡಬಾರದಿತ್ತೇ ಅತ್ತಿಗೆ?"

"ನಿನ್ನದು ಭಾನುವಾರ ಅಲ್ವಾ? ಬುಧವಾರ ಕರೆದ್ರೆ ನಿನ್ನ ಟೈಮ್‌ಟೇಬಲ್ ಸಾಯ್ತದೆ ಮಾರಾಯ!"

ಅವರು ನಕ್ಕರು. ನನಗೆ ನಗು ಬರಲಿಲ್ಲ. ನಾಲ್ಕು ಸಂಜೆ ಈ ಮನೆಯಲ್ಲಿ ಒಂದು ದನಿಯೂ ಇರಲಿಲ್ಲ.

ಚಿಪ್‌ನ ಆ ಭಾಗ ಕೆಡದಿರಲು, ಅದರ ಮೇಲೆ ಏನೂ ಬರೆಯಲಾಗದಂತೆ ಎರಡು ಬಗೆಯ ಬೀಗ ಹಾಕಬಹುದು. ಒಂದು, ಕರೆಂಟ್ ಹೋದೊಡನೆ ತಾನೇ ಬಿಟ್ಟುಕೊಳ್ಳುವಂಥದು. ಇನ್ನೊಂದನ್ನು ಒಮ್ಮೆ ಹಾಕಿದರೆ ಹಾಕಿದವನಿಂದಲೂ ತೆಗೆಯಲಾಗದು. ದಿನಾ ಪ್ಲಗ್ ಎಳೆಯುವ ಈ ಮನೆಯಲ್ಲಿ ಮೊದಲನೆಯದು ನಿಲ್ಲುವಂಥದಲ್ಲ. ಎರಡನೆಯದನ್ನು ಹಾಕಿದರೆ ನನಗೆ ಇಲ್ಲಿ ಕೆಲಸವಿಲ್ಲ.

ಸೂಚನೆಗಳನ್ನು ಹೊಸದಾಗಿ ಬರೆದೆ. ತಪ್ಪಿದ್ದರೆ ಆಮೇಲೆ ತಿದ್ದುವಂತಿಲ್ಲ. ಆದ್ದರಿಂದ ಪ್ಲಗ್ ಎಳೆದು, ಹಾಕಿ, ಮತ್ತೆ ಎಳೆದು ಪರೀಕ್ಷಿಸಿದೆ. ಪ್ರತಿ ಸಲವೂ ಚೆಂಡೆ ಕೇಳಿಸಿತು. ಎರಡನೆಯ ಬೀಗ ಹಾಕಲು ಹೇಳಿದಾಗ ಲ್ಯಾಪ್‌ಟಾಪ್ ಖಚಿತವೇ ಎಂದು ಕೇಳಿತು. ಹೌದೆಂದು ಒತ್ತಿದೆ.

"ಇನ್ನು ನೀವು ಹೇಗೆ ಎಳೆದರೂ ಈ ಭಾಗ ಕೆಡುವುದಿಲ್ಲ."

"ಹೌದಾ?" ಅತ್ತಿಗೆ ತಾವೇ ಎದ್ದು ಪ್ಲಗ್ ಎಳೆದು ಮತ್ತೆ ಹಾಕಿದರು. ಭಾಗವತರು ಪದ ಎತ್ತಿಕೊಂಡರು. ಪೆಟ್ಟಿಗೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತ, "ಹಾಗಾದ್ರೆ ನಿನಗೆ ರಜೆ ಸಿಕ್ತು," ಎಂದರು.

"ಹೌದು," ಎಂದೆ. ಕೆಲಸವಿಲ್ಲದಿದ್ದರೂ ಬರುತ್ತೇನೆ ಎನ್ನಬಹುದಿತ್ತು. ಲ್ಯಾಪ್‌ಟಾಪನ್ನೂ ಸ್ಕ್ರೂಡ್ರೈವರ್‌ಗಳನ್ನೂ ಚೀಲಕ್ಕೆ ತುಂಬಿದೆ.

"ಊಟ ಮಾಡಿ ಹೋಗು. ಬಸಳೆ ಸಾರು ಉಂಟು."

ಊಟ ಮಾಡಿದೆ. ಅವರು ಎರಡು ಸಲ ಬಡಿಸಿದರು. ಬಾಗಿಲವರೆಗೂ ಪೆಟ್ಟಿಗೆಯೊಳಗಿನ ಅರ್ಥಧಾರಿಗಳ ವಾದ ಕೇಳುತ್ತಿತ್ತು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮನೆಗೆ ಬಂದು ಸ್ಕ್ರೂಡ್ರೈವರ್‌ಗಳನ್ನು ಒರೆಸಿ ಡ್ರಾಯರ್‌ನಲ್ಲಿ ಜೋಡಿಸಿದೆ. ಖಾಲಿ ಚೀಲವನ್ನು ಒಗೆದು, ಹಿಂಡಿ, ಹಗ್ಗಕ್ಕೆ ಹಾಕಿದೆ.